ಚುಕ್ಕಿ ಒತ್ತಿದ ದುಡ್ಡು

ಆ ಮನೆಯಲ್ಲಿ ಊಟಕ್ಕೆ ಕೂರುವಾಗ ಎಲ್ಲರೂ ಮಾವನ ಬಲಗಡೆಗೇ ಕೂರುತ್ತಿದ್ದರು. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಒಂದೇ ಪಕ್ಕದಲ್ಲಿ ಮಗ, ಸೊಸೆ, ಮೊಮ್ಮಗಳು ಮೂವರಿಗೂ ಜಾಗ ಸಾಲದೆ ಮೊಮ್ಮಗಳು ತಟ್ಟೆ ಹಿಡಿದು ಹೊಸ್ತಿಲ ಹತ್ತಿರ ಕೂತು ಉಣ್ಣುವುದು ರೂಢಿಯಾಗಿತ್ತು. ಹೊಸಬರು ಯಾರಾದರೂ ನೋಡಿದರೆ, ಇವರೇನು ಜಗಳವಾಡಿ ಒಂದು ಮೂಲೆಗೆ ಸೇರಿಕೊಂಡಿದ್ದಾರೋ ಅಂದುಕೊಳ್ಳಬೇಕು.

ಆ ಕಿವಿ ಹೋದದ್ದು ಖಜಾನೆಯ ಕೆಲಸದಲ್ಲಿ. ಮೂವತ್ತೆರಡು ವರ್ಷದ ಹಿಂದೆ ಆಳುವವರು ಬದಲಾದಾಗ, ಹೊಸ ಸರಕಾರಕ್ಕೆ ಹೊಸ ದುಡ್ಡು ಮಾಡಿಸುವಷ್ಟು ಪುರಸೊತ್ತೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಹಳೆಯ ನಾಣ್ಯದ ಮೇಲೇ ಐದು ಮೂಲೆಯ ಒಂದು ಸಣ್ಣ ಚುಕ್ಕಿ ಒತ್ತಿಬಿಡಿ, ನಮ್ಮದಾಗುತ್ತದೆ ಅಂದರು. ಖಜಾನೆಯ ಹಿಂದಿನ ಕೋಣೆಯಲ್ಲಿ ಮಾವನೂ ಸೇರಿ ಹನ್ನೊಂದು ಜನ ನಾಲ್ಕು ತಿಂಗಳು ಬೆಳಗ್ಗೆಯಿಂದ ಸಂಜೆಯವರೆಗೆ ಸುತ್ತಿಗೆ ಹಿಡಿದು ಅದನ್ನೇ ಮಾಡಿದರು. ಒಂದು ನಾಣ್ಯಕ್ಕೆ ಒಂದೇ ಪೆಟ್ಟು. ಪಕ್ಕದ ಕೋಣೆಯಲ್ಲಿ ನೋಟುಗಳ ಕೆಲಸ: ಹಳೆಯ ದೊರೆಯ ಚಿತ್ರದ ಎದೆಯ ಮೇಲೆ ಕಪ್ಪು ಮಸಿಯಲ್ಲಿ ಹೊಸ ಸರಕಾರದ ಹೆಸರು, ತಾರೀಕು, ಎರಡು ಸಾಲು ಅಚ್ಚು. ಕೆಲಸ ಮುಗಿಯುವ ಹೊತ್ತಿಗೆ ಮಾವನ ಎಡಗಿವಿಯೂ ಮುಗಿದಿತ್ತು. ಆಮೇಲೆ ಹೊಸ ದುಡ್ಡು ಬಂತು, ಹಳೆಯದೂ ಅದರ ಜೊತೆಗೇ ಓಡಾಡಿಕೊಂಡಿತ್ತು. ಮಾವ ಮಾತ್ರ ಸಂಬಳದಲ್ಲಿ ಚುಕ್ಕಿ ನಾಣ್ಯ ಬಂದರೆ ಖರ್ಚು ಮಾಡುತ್ತಿರಲಿಲ್ಲ. ಇದು ನಾನು ಹೊಡೆದದ್ದೇ ಇರಬಹುದು ಅನ್ನುತ್ತ ಡಬ್ಬಿಗೆ ಹಾಕುತ್ತಿದ್ದರು. ಹಾಗೆ ಮೂರು ಡಬ್ಬಿ ನಾಣ್ಯ, ಒಂದು ಕಟ್ಟು ಮಸಿಯೊತ್ತಿದ ನೋಟು ಸೇರಿದ್ದವು. ಮೊಮ್ಮಗಳ ನರ್ಸಿಂಗ್ ಓದಿನ ಮೊದಲ ವರ್ಷದ ಫೀಸು ಅದರಿಂದಲೇ ಎಂದು ಮಾತಾಗಿತ್ತು.

ಸೊಸೆ ಬ್ಯಾಂಕಿನಲ್ಲಿ ಕೌಂಟರಿನ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಖಾಯಂ ಅಲ್ಲ. ಆರು ತಿಂಗಳಿಗೊಮ್ಮೆ ಮ್ಯಾನೇಜರು ಸಹಿ ಹಾಕಿದರೆ ಮುಂದಿನ ಆರು ತಿಂಗಳು. ಗಂಡ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವವನು. ಕೆಲಸ ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಹಾಗಾಗಿ ತಿಂಗಳಿಗೆ ತಪ್ಪದೆ ಬರುವ ಸಂಬಳ ಅವಳದೊಂದೇ.

ಆ ವರ್ಷ ಸರಕಾರ ಒಂದು ಪ್ರಕಟಣೆ ಹೊರಡಿಸಿತು. ಹಳೆಯ ದುಡ್ಡನ್ನೆಲ್ಲ ಆರು ವಾರದೊಳಗೆ ಬ್ಯಾಂಕಿಗೆ ಕೊಟ್ಟು ಹೊಸದು ತೆಗೆದುಕೊಳ್ಳಬೇಕು, ಆಮೇಲೆ ಅದಕ್ಕೆ ಬೆಲೆಯಿಲ್ಲ. ಬ್ಯಾಂಕಿಗೆ ಬಂದ ಸುತ್ತೋಲೆಯಲ್ಲಿ ಇನ್ನೂ ಒಂದು ಸಾಲಿತ್ತು: ಹರಿದದ್ದು, ತೂತಾದದ್ದು, ಮೂಲ ಅಚ್ಚಿನ ಮೇಲೆ ಬೇರೆ ಗುರುತು ಅಥವಾ ಬರಹ ಇರುವುದು ಹಾನಿಗೊಂಡದ್ದೆಂದು ತಿಳಿಯಬೇಕು, ಅದನ್ನು ಸ್ವೀಕರಿಸಕೂಡದು.

ಮೊದಲ ದಿನವೇ ಒಬ್ಬ ಮುದುಕ ಚುಕ್ಕಿ ನಾಣ್ಯ ತಂದ. ಅವಳು ಎದ್ದು ಹೋಗಿ ಮ್ಯಾನೇಜರನ್ನು ಕೇಳಿದಳು. ಅವರು ನಾಣ್ಯವನ್ನು ಅತ್ತಿತ್ತ ತಿರುಗಿಸಿ ನೋಡಿ, ಬೇರೆ ಗುರುತು ಇದೆ ತಾನೇ, ವಾಪಸ್ ಕೊಡಿ ಅಂದರು. ಅವಳು ವಾಪಸ್ ಕೊಟ್ಟಳು. ಆ ವಾರವೆಲ್ಲ ಅದೇ ಆಯಿತು.

ವಿಷಯ ಊಟದ ಹೊತ್ತಿಗೆ ಮನೆಗೆ ಬಂತು. ಮಾವ ಸುತ್ತೋಲೆಯ ಪ್ರತಿ ತರಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಸಲ ಓದಿದರು. ಅನ್ನ ಆರಿಹೋಯಿತು.

"ಇದು ಯಾರೋ ಹುಡುಗ ಕೂತು ಬರೆದಿರೋದು. ಆ ಕಾಲ ನೋಡದವನು," ಅಂದರು. "ಪೆಟ್ಟು ಬೇರೆ, ಮುದ್ರೆ ಬೇರೆ ಕಣಮ್ಮ. ಚಾಕು ತಗೊಂಡು ಯಾರೋ ಗೀಚಿದ್ರೆ ಅದು ಹಾನಿ. ಸರಕಾರ ಕೂಲಿ ಕೊಟ್ಟು ಒತ್ತಿಸಿದ್ದು ಹಾನಿ ಹೇಗಾಗುತ್ತೆ?"

"ನನಗೂ ಗೊತ್ತು ಮಾವ. ಆದ್ರೆ ಬರೆದಿರೋದು ಹಾಗಿದೆ."

"ಹಾಗಾದ್ರೆ ಬರೆದವರನ್ನೇ ಕೇಳೋಣ."

ಮರುದಿನ ಅವರು ತಮ್ಮ ಗುಮಾಸ್ತೆ ಅಕ್ಷರದಲ್ಲಿ ಎರಡು ಪುಟದ ಪತ್ರ ಬರೆದರು. ಯಾವ ವರ್ಷ, ಯಾವ ಆದೇಶ, ಎಷ್ಟು ಜನ, ಮುದ್ರೆಯ ಅಳತೆ ಎಷ್ಟು, ನೋಟಿನ ಮಸಿ ಯಾವುದು, ಎಲ್ಲ ಸಾಲಾಗಿ. ಕೊನೆಯಲ್ಲಿ ಒಂದೇ ಪ್ರಶ್ನೆ: ಇಂಥ ದುಡ್ಡು ಹಾನಿಗೊಂಡದ್ದೋ ಅಲ್ಲವೋ ದಯವಿಟ್ಟು ತಿಳಿಸಬೇಕು. ಬೀದಿಯ ಮುದುಕ ಬರೆದರೆ ಯಾರೂ ಓದುವುದಿಲ್ಲ, ಶಾಖೆಯ ನಂಬರು ಹಾಕಿ ಬ್ಯಾಂಕಿನ ಟಪಾಲಿನಲ್ಲೇ ಹೋಗಬೇಕು ಎಂದು ಸೊಸೆಯ ಕೈಗೆ ಕೊಟ್ಟರು.

ಅವಳು ಅದನ್ನು ಮ್ಯಾನೇಜರ ಮೇಜಿನವರೆಗೆ ಒಯ್ದದ್ದು ನಿಜ. ಅವರು ಓದಲೂ ಇಲ್ಲ. ಇಡೀ ಊರಿನ ಬ್ಯಾಂಕುಗಳು ಸುಮ್ಮನಿರುವಾಗ ನಮ್ಮದೊಂದೇ ಶಾಖೆ ಮೇಲಿನವರನ್ನು ಪ್ರಶ್ನೆ ಕೇಳಿದರೆ ಹೇಗಿರುತ್ತದೆ ನೋಡಿ, ಎಂದು ನಗುತ್ತಲೇ ಅಂದರು. ಆಮೇಲೆ, ಈ ತಿಂಗಳ ಕೊನೆಗೆ ನಿಮ್ಮ ಕಾಗದವೂ ನನ್ನ ಮುಂದೆ ಬರುತ್ತಲ್ಲ, ಅಂದರು. ಅದನ್ನೂ ನಗುತ್ತಲೇ ಅಂದರು. ಟಪಾಲಿನ ಪೆಟ್ಟಿಗೆ ಅವಳ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಶಾಖೆಯ ಮುದ್ರೆ ಅವಳ ಡ್ರಾಯರಿನಲ್ಲೇ ಇತ್ತು. ಅವಳು ಪತ್ರವನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಸಹಿ ಆಗಲಿ, ಮರುದಿನವೇ ಹಾಕಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಸಂಜೆ ಮಾವ ಬಾಗಿಲಲ್ಲೇ ಕೇಳಿದರು. "ಹಾಕಿದೆಯೇನಮ್ಮ?"

"ಹಾಕಿದೆ ಮಾವ."

ಒಂದು ಸುಳ್ಳು ಹೇಳುವುದಕ್ಕೆ ಎಷ್ಟು ಹೊತ್ತು? ಚಪ್ಪಲಿ ಬಿಡುವಷ್ಟು. ಆದರೆ ಮಾವ ಆ ಮಾತನ್ನು ನಂಬಿ ಬೀದಿಗೆ ಹೊರಟರು. ಚುಕ್ಕಿ ದುಡ್ಡು ಇಟ್ಟುಕೊಂಡವರ ಮನೆಗಳಿಗೆಲ್ಲ ಹೋಗಿ, ಪತ್ರ ಹೋಗಿದೆ, ಉತ್ತರ ಬಂದೇ ಬರುತ್ತದೆ, ಯಾರೂ ಗಾಬರಿಯಾಗಿ ಮಾರಿಕೊಳ್ಳಬೇಡಿ ಎಂದು ಹೇಳಿ ಬಂದರು. ಎಲ್ಲರಿಗಿಂತ ಹೆಚ್ಚು ಸಲ ಹೇಳಿದ್ದು ಇಸ್ತ್ರಿಯಕ್ಕನಿಗೆ.

ಬೀದಿಯ ಮೂಲೆಯ ಒಂದು ಸಣ್ಣ ಕೋಣೆಯಲ್ಲಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಅವಳು. ಹಿಂದೆ ಮುಂದೆ ಯಾರೂ ಇಲ್ಲ, ದೂರದಲ್ಲಿ ತಂಗಿಯ ಮಗಳೊಬ್ಬಳು. ಅತ್ತೆ ಸಾಯುವ ಮೊದಲು ಹಾಸಿಗೆ ಹಿಡಿದಿದ್ದ ಏಳು ತಿಂಗಳು, ಸೊಸೆ ಕೆಲಸಕ್ಕೆ ಹೋದ ಮೇಲೆ ಮುದುಕಿಯನ್ನು ಎಬ್ಬಿಸಿ ಕೂರಿಸಿ, ಮೈ ಒರೆಸಿ, ಬಾಯಿಗೆ ಗಂಜಿ ಹಾಕಿದವಳು ಅವಳೇ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಈಗ ಅವಳ ಕೋಣೆಯ ಮಾಲೀಕ ಹೊಸ ಅಡ್ವಾನ್ಸ್ ಕೇಳುತ್ತಿದ್ದ. ತಿಂಗಳ ಇಪ್ಪತ್ತರೊಳಗೆ ಕೊಟ್ಟರೆ ಸರಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಅಂದಿದ್ದ. ಅವಳ ಹತ್ತಿರ ಎರಡು ಡಬ್ಬಿ ಚುಕ್ಕಿ ನಾಣ್ಯವಿತ್ತು. ಅದನ್ನು ಬದಲಿಸಿದರೆ ಅಡ್ವಾನ್ಸ್‌ಗೆ ಆಗಿ ಇನ್ನೂ ಸ್ವಲ್ಪ ಮಿಗುತ್ತಿತ್ತು.

ಅವಳು ಬ್ಯಾಂಕಿಗೂ ಬಂದಿದ್ದಳು. ಕೌಂಟರಿನ ಮುಂದೆ ಡಬ್ಬಿ ಇಟ್ಟು, ಗುರುತಿನವರಿದ್ದಾರೆಂಬ ಧೈರ್ಯದಲ್ಲಿ ನಕ್ಕಿದ್ದಳು. ಸೊಸೆ ತಲೆ ತಗ್ಗಿಸಿ, ಇನ್ನೊಂದೆರಡು ವಾರ ತಡೀರಿ ಅಕ್ಕ, ಮಾವ ಬರೆದಿದ್ದಾರೆ ಅಂದಳು. ಪತ್ರ ಆಗ ಅವಳ ಕಾಲ ಹತ್ತಿರವೇ, ಬ್ಯಾಗಿನಲ್ಲಿತ್ತು.

ಎರಡನೆಯ ವಾರ ಕಳೆಯಿತು. ಮಾವ ದಿನಾ ಬಾಗಿಲಲ್ಲಿ ಕಾಯುವರು. ಉತ್ತರ ಬಂತಾ? ಇಲ್ಲ ಮಾವ. ಒಂದು ದಿನ ಅವರು, ಇಷ್ಟು ದಿನ ಯಾಕೆ, ನಮ್ಮ ಕಾಲದಲ್ಲಿ ನಾಲ್ಕು ದಿನಕ್ಕೆ ಉತ್ತರ ಬರ್ತಿತ್ತು, ಎಂದು ತಮಗೆ ತಾವೇ ಅಂದುಕೊಂಡರು. ಅವಳು ಒಲೆಯ ಕಡೆ ತಿರುಗಿ ಹಾಲು ಕಾಯಿಸಿದಳು.

ಮೂರನೆಯ ವಾರದ ಮೊದಲ ದಿನ ಬ್ಯಾಂಕಿನ ಸಾಲಿನಲ್ಲಿ ಮಾವ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಮುಂದೆ ಒಂಬತ್ತು ಜನರಿದ್ದರು. ಅವಳು ಸನ್ನೆ ಮಾಡಿದರೂ ಅವರು ಸಾಲು ಬಿಟ್ಟು ಬರಲಿಲ್ಲ. ತಮ್ಮ ಸರದಿ ಬಂದಾಗ ಹತ್ತು ನಾಣ್ಯ, ಎರಡು ನೋಟು ಕಿಂಡಿಯೊಳಗೆ ಸರಿಸಿದರು.

"ಬದಲಿಸಿ ಕೊಡಿ, ಮೇಡಂ."

ಅವಳು ಮೆಲ್ಲಗೆ, ಮನೆಯಲ್ಲಿ ಮಾತಾಡೋಣ ಅಂದಳು. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಆಗುತ್ತೋ ಇಲ್ಲವೋ ಹೇಳಿ ಅಂದರು. ಹಿಂದಿನಿಂದ ಮ್ಯಾನೇಜರು ನೋಡುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು.

"ಹಾನಿಯಾದ ದುಡ್ಡು. ತಗೊಳ್ಳೋಕಾಗಲ್ಲ," ಎಂದಳು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಅದನ್ನು ಬರೆದುಕೊಡಿ."

ಅವಳು ಚೀಟಿಯ ಮೇಲೆ 'ಹಾನಿಗೊಂಡಿದೆ' ಎಂದು ಬರೆದು, ಸಹಿ ಹಾಕಿ, ಶಾಖೆಯ ಮುದ್ರೆ ಒತ್ತಿ ಕೊಟ್ಟಳು. ಮಾವ ಓದಿ, ಮಡಚಿ, ಜೇಬಿಗಿಟ್ಟುಕೊಂಡು ಹೋದರು. ಮನೆಯಲ್ಲಿ ಆ ಸಂಜೆ ಅವರು ಅವಳನ್ನು ಬೈಯಲಿಲ್ಲ. ನಿನ್ನ ತಪ್ಪೇನಿದೆ, ಚಾಕರಿ ಮಾಡುವವರ ಪಾಡು ನನಗೆ ಗೊತ್ತಿಲ್ಲವಾ ಅಂದರು. ಉತ್ತರ ಬರುವಾಗ ಈ ಚೀಟಿಯೂ ಕೈಯಲ್ಲಿರಲಿ ಅಂತ ಬಂದೆ ಅಷ್ಟೆ ಎಂದರು. ಅವರು ಬೈದಿದ್ದರೆ ಅವಳು ಅಂದೇ ಬಾಯಿ ಬಿಡುತ್ತಿದ್ದಳೇನೋ.

ಅದಾಗಿ ಎರಡು ದಿನಕ್ಕೆ ಗಂಡ ಊಟಕ್ಕೆ ಕೂತವನು ತುತ್ತು ಕಲಸಿ ಹಾಗೇ ಬಿಟ್ಟ. ಬೆಳಗ್ಗೆ ಗುಜರಿ ಲೋಹದ ವ್ಯಾಪಾರಿಯ ಅಂಗಡಿಯ ತಕ್ಕಡಿ ಸರಿಮಾಡಲು ಹೋಗಿದ್ದನಂತೆ. ಈಗ ಆ ಅಂಗಡಿಯಲ್ಲಿ ಹಬ್ಬ. ಊರಿನವರೆಲ್ಲ ಚುಕ್ಕಿ ನಾಣ್ಯ ತಂದು ತಾಮ್ರದ ಲೆಕ್ಕದಲ್ಲಿ ಸುರಿಯುತ್ತಿದ್ದಾರೆ. ಅವನು ತಕ್ಕಡಿಯ ಮುಳ್ಳು ಸರಿಮಾಡಿ ಎದ್ದಾಗ ಎದುರಿಗೆ ಇಸ್ತ್ರಿಯಕ್ಕ ಎರಡು ಡಬ್ಬಿ ಹಿಡಿದು ನಿಂತಿದ್ದಳು.

"ನೀನು ತಡೀಲಿಲ್ವಾ?" ಅಂದರು ಮಾವ.

"ತಡೆದೆ ಅಪ್ಪ. ನಾಳೆ ಇಪ್ಪತ್ತನೇ ತಾರೀಕು, ನೀನು ಕೊಡ್ತೀಯಾ ಅಡ್ವಾನ್ಸು ಅಂತ ಕೇಳಿದ್ಲು. ಏನು ಹೇಳಲಿ? ತಕ್ಕಡಿ ಮಾತ್ರ ಸರಿ ಇತ್ತು. ಒಂದು ಗುಲಗಂಜಿಯಷ್ಟೂ ಮೋಸ ಆಗಲಿಲ್ಲ."

ಬಂದದ್ದು ನಾಣ್ಯದ ಬೆಲೆಯ ಆರರಲ್ಲೊಂದು ಪಾಲು. ಅದನ್ನು ಹಿಡಿದುಕೊಂಡು ಅವಳು ಮಾಲೀಕನ ಬಾಗಿಲಿಗೂ ಹೋದಳಂತೆ, ಅವನು ಎಣಿಸಿ ನೋಡಿ ವಾಪಸ್ ಕೊಟ್ಟನಂತೆ. ನಾಲ್ಕು ದಿನದ ಮೇಲೆ ಇಸ್ತ್ರಿ ಪೆಟ್ಟಿಗೆ, ಒಂದು ಟ್ರಂಕು, ಸುತ್ತಿದ ಹಾಸಿಗೆ ಆಟೋದಲ್ಲಿ ಹಾಕಿಕೊಂಡು ತಂಗಿಯ ಮಗಳ ಊರಿಗೆ ಹೋದಳು. ಹೋಗುವ ಮೊದಲು ಮನೆಗೆ ಬಂದು, ಇಸ್ತ್ರಿಗೆ ಹಾಕಿದ್ದ ಬಟ್ಟೆಯನ್ನೆಲ್ಲ ಮಡಚಿ ಕೊಟ್ಟು ಹೋದಳು. ಮಾವ ಅವಳ ಮುಖ ನೋಡಲಾರದೆ ಒಳಗೇ ಕೂತಿದ್ದರು. ನಾನೇ ತಡಿ ತಡಿ ಅಂದು ಅವಳ ಕಾಲ ಕಳೆದೆ. ಮೊದಲೇ ಬೇರೆ ಏನಾದರೂ ದಾರಿ ನೋಡಿಕೊಳ್ಳುತ್ತಿದ್ದಳು ಎಂದು ಎರಡು ದಿನ ಅದನ್ನೇ ಹೇಳಿದರು. ಬೀದಿಯವರೂ ಅದನ್ನೇ ಹೇಳಿದರು, ಅವರ ಬಲಗಿವಿಗೆ ಕೇಳಿಸುವ ಹಾಗೆ.

ತಿಂಗಳ ಕೊನೆಗೆ ಮ್ಯಾನೇಜರು ಸಹಿ ಹಾಕಿದರು. ಇನ್ನಾರು ತಿಂಗಳು ಕೆಲಸ ಗಟ್ಟಿ. ಅವಳು ಆ ದಿನವೂ ಪತ್ರ ಹಾಕಲಿಲ್ಲ. ಇಷ್ಟು ತಡವಾಗಿ ಹಾಕಿದರೆ, ಮೇಲಿನ ತಾರೀಕು ನೋಡಿ ಯಾರಾದರೂ ಕೇಳುತ್ತಾರೆ ಅನ್ನಿಸಿತು.

ಐದನೆಯ ವಾರ ಹೊಸ ಸುತ್ತೋಲೆ ಬಂತು. ಆಳುವ ಸರಕಾರವೇ ಒತ್ತಿಸಿದ ಮುದ್ರೆ, ಅಚ್ಚು ಹಾಕಿಸಿದ ಬರಹ ಹಾನಿಯಲ್ಲ. ಜನರು ಕೊರೆದದ್ದು, ಗೀಚಿದ್ದು, ತೂತು ಹಾಕಿದ್ದು ಮಾತ್ರ ಹಾನಿ. ಚುಕ್ಕಿ ನಾಣ್ಯಗಳನ್ನೂ ಮೇಲಚ್ಚಿನ ನೋಟುಗಳನ್ನೂ ಪೂರ್ಣ ಬೆಲೆಗೆ ಸ್ವೀಕರಿಸಬೇಕು. ಮ್ಯಾನೇಜರು ಅದನ್ನು ಗೋಡೆಗೆ ಅಂಟಿಸಿ, ನಾನು ಆವತ್ತೇ ಅಂದುಕೊಂಡಿದ್ದೆ ಅಂದರು.

ಅವಳು ಒಂದು ಪ್ರತಿ ಮನೆಗೆ ತಂದು ಮಾವನ ಮುಂದೆ ಇಟ್ಟಳು. ಮೊಮ್ಮಗಳು ಕುಣಿದಳು, ಫೀಸಿನ ಚಿಂತೆ ಹೋಯಿತು. ಗಂಡ ಚಹಾ ಮಾಡು ಅಂದ. ಮಾವ ಮಾತ್ರ ಕಾಗದ ಬಿಡದೆ ಮೇಲಿನಿಂದ ಕೆಳಗೆ ಓದುತ್ತಿದ್ದರು. ಖಜಾನೆಯಲ್ಲಿ ಮೂವತ್ತು ವರ್ಷ ಕಾಗದ ಓದಿದವರು. ಜನ ಬಿಡುವ ಸಾಲನ್ನೇ ಅವರು ಮೊದಲು ನೋಡುವುದು.

"ಇಲ್ಲಿ 'ಮೂವತ್ತೊಂದನೇ ಶಾಖೆಯ ಪತ್ರಕ್ಕೆ ಉತ್ತರವಾಗಿ' ಅಂತ ತಾರೀಕಿನ ಸಮೇತ ಇದೆ," ಅಂದರು. "ಅದು ಸೇತುವೆ ಆಚೆಯದ್ದು. ಅವರು ಬರೆದು ಆರು ದಿನಕ್ಕೆ ಉತ್ತರ ಬಂದಿದೆ. ನಮ್ಮ ಪತ್ರ ಹೋಗಿದ್ದು ಯಾವ ತಾರೀಕಮ್ಮ?"

 ಅವಳು ಬಾಗಿಲ ಹಿಂದಿನ ಮೊಳೆಯಿಂದ ಬ್ಯಾಗು ತೆಗೆದು, ಜಿಪ್ ಬಿಚ್ಚಿ, ಪತ್ರವನ್ನು ಅವರ ತೊಡೆಯ ಮೇಲಿಟ್ಟಳು. ಮಡಿಕೆಯ ಗೆರೆ ಸವೆದು ಹೋಗಿತ್ತು.

"ಹೋಗಲಿಲ್ಲ ಮಾವ."

ಗಂಡನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು, ಏನೇ ಇದು, ಎಂದು ಶುರುಮಾಡಿದ. ಮಾವ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಯಾಕೆ ಅಂತ ಕೇಳಿದರು. ಅವಳು ಸಹಿಯ ವಿಷಯ ಹೇಳಿದಳು, ಮ್ಯಾನೇಜರು ನಕ್ಕಿದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಅದೆಲ್ಲ ಎಷ್ಟು ಸಣ್ಣದು ಅನ್ನಿಸಿ ನಿಲ್ಲಿಸಿದಳು. ಹೆದರಿಕೆ ಇದ್ದರೆ ನನಗೆ ಹೇಳಬಾರದಿತ್ತಾ, ನಾನೇ ಇನ್ನೊಂದು ಶಾಖೆಗೆ ನಡೆದುಕೊಂಡು ಹೋಗಿ ಕೊಡ್ತಿದ್ದೆ, ಎಂದರು ಮಾವ. ಅಷ್ಟೇ. ಎದ್ದು ಹೋಗಿ ಮಲಗಿದರು. ಚಹಾ ಯಾರೂ ಕುಡಿಯಲಿಲ್ಲ.

ಬೆಳಗಾದ ಮೇಲೆ ಅವರು ತಮ್ಮ ನಿರ್ಧಾರ ಹೇಳಿದರು. ಮೂರು ಡಬ್ಬಿ, ಒಂದು ಕಟ್ಟು ನೋಟು, ಎಲ್ಲ ಬದಲಿಸುವುದು. ಇಸ್ತ್ರಿಯಕ್ಕನ ಎರಡು ಡಬ್ಬಿಯ ಪೂರ್ಣ ಬೆಲೆ ಅದರಲ್ಲಿ ಎತ್ತಿ ಅವಳಿಗೆ ಕೊಡುವುದು. ಉಳಿದದ್ದು ಮೊಮ್ಮಗಳಿಗೆ. ಉಳಿಯುವುದು ಫೀಸಿನ ಅರ್ಧವೂ ಆಗುತ್ತಿರಲಿಲ್ಲ.

ಗಂಡ ಒಪ್ಪಲಿಲ್ಲ. ಅವಳು ಮಾರಿದ್ದು ಅವಳ ಇಷ್ಟ, ನಾವೇನು ಕೈ ಹಿಡಿದು ಮಾರಿಸಿದೆವಾ ಅಂದ. ಸ್ವಲ್ಪ ಕೊಡೋಣ, ಎಲ್ಲ ಯಾಕೆ ಅಂದ. ನಿನ್ನ ಅಮ್ಮನ ಬಾಯಿಗೆ ಗಂಜಿ ಹಾಕುವಾಗ ಅವಳು ಸ್ವಲ್ಪ ಹಾಕಿದ್ದಳಾ ಎಂದು ಮಾವ ಕೇಳಿದ ಮೇಲೆ ಅವನು ಅಂಗಿ ಹಾಕಿಕೊಂಡು ಹೊರಟುಹೋದ.

ಮೊಮ್ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ತಾತನ ಕಡೆ ನೋಡಲಿಲ್ಲ, ಅಮ್ಮನನ್ನೇ ನೋಡಿದಳು.

"ನೀನು ಮಾಡಿದ ತಪ್ಪಿಗೆ ನನ್ನ ಫೀಸಾ?"

 ಹೌದು ಅನ್ನಬೇಕಿತ್ತು, ಅಮ್ಮ ಬ್ಯಾಗು ತೆಗೆದುಕೊಂಡು ಕೆಲಸಕ್ಕೆ ಹೊರಟಳು. ಹುಡುಗಿ ಆ ವಾರವೆಲ್ಲ ಅಮ್ಮ ಬಡಿಸಿದ್ದನ್ನು ಉಂಡಳು, ತಟ್ಟೆ ತೊಳೆದಳು, ಕೇಳಿದ್ದಕ್ಕೆ ಹೂಂ ಅಂದಳು. ಬೇರೆ ಮಾತಿಲ್ಲ. ಅರ್ಜಿಯ ಕೊನೆಯ ದಿನ ಹೋದ ಮೇಲೆ ತಾನೇ ಹೋಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡು ಬಂದಳು. ಮುಂದಿನ ವರ್ಷ ನೋಡ್ತೀನಿ ಎಂದು ತಾತನಿಗೆ ಹೇಳಿದಳು.

ದುಡ್ಡು ಬದಲಿಸುವ ಗಡುವಿಗೆ ಮೂರು ದಿನ ಇರುವಾಗ ಮಾವ ಮತ್ತೆ ಸಾಲಿನಲ್ಲಿ ನಿಂತರು. ಅವಳು ಡಬ್ಬಿಗಳನ್ನು ಸುರಿದು, ಎಣಿಸಿ, ಹೊಸ ದುಡ್ಡು ಕೊಟ್ಟಳು. ಅವರು ತಾವೂ ಒಮ್ಮೆ ಎಣಿಸಿ, ಒಂದು ಭಾಗವನ್ನು ಲಕೋಟೆಯೊಳಗೆ ಹಾಕಿ, ಅದೇ ಕಿಂಡಿಯಿಂದ ವಾಪಸ್ ಅವಳ ಕಡೆ ಸರಿಸಿದರು.

"ಇದನ್ನು ನೀನೇ ಹೋಗಿ ಕೊಟ್ಟು ಬಾ. ಕಾಗದದ ವಿಷಯಾನೂ ನೀನೇ ಹೇಳು. ನಾನು ಹೇಳಿದ್ರೆ ನಿನಗೆ ಸುಲಭ ಆಗುತ್ತೆ."

ಭಾನುವಾರ ಅವಳು ಬಸ್ಸು ಹಿಡಿದಳು. ಮೂರು ಗಂಟೆಯ ದಾರಿ. ತಂಗಿಯ ಮಗಳ ಮನೆ ಎರಡನೆಯ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಒಳಗೆ ಐದು ಜನ. ಇಸ್ತ್ರಿಯಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವಳ ಕೆಂಡದ ಪೆಟ್ಟಿಗೆ ಬಾಲ್ಕನಿಯಲ್ಲಿ, ಪೊರಕೆಯ ಪಕ್ಕದಲ್ಲಿತ್ತು. ಇಲ್ಲಿ ಹೊಗೆ ಮಾಡಬಾರದು ಅಂತಾರೆ ಎಂದಳು. ಬಾ, ಕೂತ್ಕೋ, ಮಾವ ಹೇಗಿದ್ದಾರೆ, ಕಾಲು ನೋವು ಕಡಿಮೆಯಾಯ್ತಾ ಎಂದು ಒಂದೊಂದಾಗಿ ಕೇಳಿದಳು.

ಸೊಸೆ ಲಕೋಟೆ ಇಟ್ಟು, ಹೇಳಬೇಕಾದ್ದನ್ನು ಹೇಳಿದಳು. ಅತ್ತರೆ ಕರುಣೆ ಕೇಳಿದ ಹಾಗಾಗುತ್ತದೆಂದು ಅಳದೆ ಹೇಳಿದಳು.

ಇಸ್ತ್ರಿಯಕ್ಕನ ಕೈ ನಿಲ್ಲಲಿಲ್ಲ. ಬಟಾಣಿ ಬಿಡಿಸುತ್ತಲೇ, ಆವತ್ತು ನಾನು ಡಬ್ಬಿ ತಂದಾಗ ಕಾಗದ ಎಲ್ಲಿತ್ತು ಅಂತ ಕೇಳಿದಳು.

"ಬ್ಯಾಗಲ್ಲೇ ಇತ್ತು ಅಕ್ಕ. ಕಾಲ ಹತ್ತಿರ."

"ಆವತ್ತೇ ಹಾಕಿದ್ರೆ ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬರ್ತಿತ್ತಾ?"

"ಬರ್ತಿತ್ತು."

ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ನನ್ನ ಕೋಣೆಯಲ್ಲಿ ಈಗ ಯಾರಿದ್ದಾರೆ ಅಂದಳು. ಮೊಬೈಲ್ ಅಂಗಡಿ ಬಂದಿದೆ, ಗಾಜು ಹಾಕಿಸಿದ್ದಾರೆ ಎಂದಾಗ ತಲೆ ಆಡಿಸಿದಳು. ಆಮೇಲೆ ಲಕೋಟೆ ಬಿಚ್ಚಿ ಎಣಿಸಿ, ಗುಜರಿಯವನು ಕೊಟ್ಟಿದ್ದಷ್ಟನ್ನು ತೆಗೆದು ಸೊಸೆಯ ಮುಂದೆ ಇಟ್ಟಳು. ಅಷ್ಟು ನನಗೆ ಮೊದಲೇ ಬಂದಾಗಿದೆ, ಎರಡು ಸಲ ಯಾಕೆ ಅಂದಳು. ಬಟಾಣಿ ಬಟ್ಟಲು ಹಿಡಿದು ಏಳುತ್ತ, ಕೋಣೆಯಲ್ಲಿದ್ದ ತಂಗಿಯ ಮಗಳ ಕಡೆ ನೋಡಿ, ದನಿ ತಗ್ಗಿಸಿ ಒಂದು ಮಾತು ಹೇಳಿದಳು.

"ಇವಳ ಮುಂದೆ ಈ ಮಾತು ಎತ್ತಬೇಡ. ನಾನೇ ದಡ್ಡತನ ಮಾಡಿ ಮಾರಿದೆ ಅಂತ ಹೇಳಿದ್ದೀನಿ. ಹಾಗೇ ಇರಲಿ. ಊಟ ಮಾಡ್ಕೊಂಡು ಹೋಗು."

ಊಟ ಮಾಡಿಸದೆ ಬಿಡಲಿಲ್ಲ. ಬಿಸಿ ಅನ್ನ ತಾನೇ ಬಡಿಸಿ, ಎದುರಿಗೆ ಕೂತಳು. ಬಸ್ಸಿನವರೆಗೆ ಬಂದು ಕಿಟಕಿಯ ಪಕ್ಕದ ಸೀಟು ಹಿಡಿಸಿಕೊಟ್ಟಳು. ಮತ್ತೆ ಬನ್ನಿ ಅಕ್ಕ, ನಮ್ಮ ಬೀದಿಗೆ, ಎಂದು ಸೊಸೆ ಅಂದಾಗ, ಬೀದಿಗೆ ಬಂದು ಎಲ್ಲಿ ಕೂರಲಿ ಅಂದಳು. ಬಸ್ಸು ಹೊರಟಿತು.

ಮನೆಗೆ ಬಂದಾಗ ಸಂಜೆ. ಮಾವ ಒಬ್ಬರೇ ಇದ್ದರು. ಅವಳು ಉಳಿದ ದುಡ್ಡನ್ನು ಅವರ ಮುಂದೆ ಇಟ್ಟು, ಯಾಕೆ ಉಳಿಯಿತೆಂದು ಹೇಳಿದಳು. ಅವರು ಅದನ್ನು ಮುಟ್ಟಲಿಲ್ಲ.

"ಎಲ್ಲ ಹೇಳಿದೆಯಾ?"

"ಹೇಳಿದೆ."

"ಬೈದಳಾ?"

"ಇಲ್ಲ ಮಾವ. ಊಟ ಹಾಕಿದ್ರು."

 ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಬೈದಿದ್ರೆ ಚೆನ್ನಾಗಿತ್ತು," ಅಂದರು ಮಾವ.

"ಹೌದು ಮಾವ," ಎಂದಳು ಅವಳು. ನಿಂತಲ್ಲೇ ನಿಂತಿದ್ದಳು.